ಪೋರ್ಚುಗಲ್ ಪ್ರವಾಸ: ಕಡಿಮೆ ಖರ್ಚಿನಲ್ಲಿ ಎರಡು ಊರು, ಒಂದು ಕಡಲತೀರ

ಯೂರೋಪಿಗೆ ಎಂಟು-ಹತ್ತು ದಿನ ಹೋಗಿಬರಬೇಕು. ಪ್ಯಾಕೇಜ್ ಟೂರ್ ಬೇಡ. ಒಂದೆರಡು ಹಳೆಯ ಊರು, ಸ್ವಲ್ಪ ಸಮುದ್ರ ಇದ್ದರೆ ಸಾಕು. ಖರ್ಚು ಮಾತ್ರ ಕೈ ಮೀರಬಾರದು. ಎಲ್ಲಿಂದ ಶುರು ಮಾಡಲಿ? ಓದುಗರು ಇದನ್ನೇ ಮತ್ತೆ ಮತ್ತೆ ಕೇಳುತ್ತಿದ್ದೀರಿ. ಬಿಡಿ ಬಿಡಿಯಾಗಿ ಉತ್ತರ ಕೊಡುವುದಕ್ಕಿಂತ ಒಂದೇ ಕಡೆ ಪೂರ್ತಿ ಹೇಳಿಬಿಡುತ್ತೇನೆ.

ಮೊದಲ ಸಲ ಸ್ವಂತವಾಗಿ ಪ್ಲಾನ್ ಮಾಡುವವರಿಗೆ ನಾನು ಹೇಳುವ ದೇಶ ಪೋರ್ಚುಗಲ್. ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್, ಸ್ವಿಟ್ಜರ್‌ಲೆಂಡಿಗೆ ಹೋಲಿಸಿದರೆ ಊಟ, ಬಸ್ಸು, ರೈಲು ಎಲ್ಲವೂ ಅಗ್ಗ. ದೇಶ ಅಟ್ಲಾಂಟಿಕ್ ಸಮುದ್ರದ ಪಕ್ಕದಲ್ಲೇ ಉದ್ದಕ್ಕೆ ಮಲಗಿದೆ. ದೊಡ್ಡ ಊರುಗಳಾದ ಲಿಸ್ಬನ್ ಮತ್ತು ಪೋರ್ಟೊ ನಡುವೆ 300 ಕಿಲೋಮೀಟರಿಗೆ ಸ್ವಲ್ಪ ಜಾಸ್ತಿ ದೂರ, ರೈಲಿನಲ್ಲಿ ಮೂರು ಗಂಟೆ ಚಿಲ್ಲರೆ. ಎರಡೂ ಊರಿನಿಂದ ಲೋಕಲ್ ರೈಲು ಹತ್ತಿದರೆ ಬೀಚು ಸಿಗುತ್ತದೆ. ಕಾರು ಬಾಡಿಗೆಗೆ ತೆಗೆದುಕೊಳ್ಳುವ ಅಗತ್ಯವೇ ಇಲ್ಲ.

ಒಂದು ಮಾತು ಮೊದಲೇ ಹೇಳುತ್ತೇನೆ, ಉಳಿದದ್ದೆಲ್ಲ ಇದರ ಮೇಲೆಯೇ ನಿಂತಿದೆ. ಪ್ರವಾಸದಲ್ಲಿ ದುಡ್ಡು ಕರಗುವುದು ಊರಿಂದ ಊರಿಗೆ ಓಡುವುದರಲ್ಲಿ. ಒಂದು ಊರು ಜಾಸ್ತಿಯಾದರೆ ಬರೀ ಒಂದು ಟಿಕೆಟ್ ಜಾಸ್ತಿಯಾಗುವುದಿಲ್ಲ. ಸ್ಟೇಷನ್ನಿಗೆ ಟ್ಯಾಕ್ಸಿ, ಲಗೇಜ್ ಇಡಲು ಲಾಕರ್, ಅವಸರದಲ್ಲಿ ತಿಂದ ದುಬಾರಿ ಊಟ, ಹಾಳಾದ ಅರ್ಧ ದಿನ, ಎಲ್ಲವೂ ಜೊತೆಗೆ ಬರುತ್ತವೆ. ಹತ್ತು ದಿನದಲ್ಲಿ ಐದು ದೇಶ ಅಂತ ಹೊರಟರೆ ಯಾವ ಡಿಸ್ಕೌಂಟೂ ನಿಮ್ಮನ್ನು ಕಾಪಾಡಲಾರದು. ಒಂದೇ ದೇಶ, ಒಂದೇ ದಾರಿ, ಮೂರೇ ಕಡೆ ವಾಸ. ಇಷ್ಟಕ್ಕೆ ಒಪ್ಪಿಕೊಂಡರೆ ಅರ್ಧ ಕೆಲಸ ಮುಗಿದಂತೆ.

1. ತಿಂಗಳು ನಿಶ್ಚಯಿಸಿ

ಮೇ, ಸೆಪ್ಟೆಂಬರ್ ಕೊನೆಯ ಎರಡು ವಾರ, ಅಕ್ಟೋಬರ್ ಮೊದಲ ಎರಡು ವಾರ ಒಳ್ಳೆಯ ಸಮಯ. ಬಿಸಿಲು ಇರುತ್ತದೆ, ಜನ ಕಡಿಮೆ, ರೂಮಿನ ಬಾಡಿಗೆಯೂ ಇಳಿದಿರುತ್ತದೆ. ಇವುಗಳಲ್ಲಿ ಒಂದನ್ನು ಆರಿಸಿ ಅಂದರೆ ನಾನು ಸೆಪ್ಟೆಂಬರ್ ಕೊನೆ ಎನ್ನುತ್ತೇನೆ. ಬೇಸಿಗೆಯಿಡೀ ಕಾದ ಸಮುದ್ರದ ನೀರು ಆಗ ಮೇ ತಿಂಗಳಿಗಿಂತ ಸ್ವಲ್ಪ ಬೆಚ್ಚಗಿರುತ್ತದೆ.

ನಮ್ಮ ಶಾಲೆಗಳ ಬೇಸಿಗೆ ರಜೆ ಏಪ್ರಿಲ್-ಮೇನಲ್ಲಿ ಬರುವುದು ಒಂದು ಅನುಕೂಲ. ಯೂರೋಪಿನ ಮಕ್ಕಳ ಬೇಸಿಗೆ ರಜೆ ಆಗ ಇನ್ನೂ ಶುರುವಾಗಿರುವುದಿಲ್ಲ. ಈಸ್ಟರ್ ವಾರವೊಂದನ್ನು ತಪ್ಪಿಸಿದರೆ ಸಾಕು.

ಆಗಸ್ಟ್ ಬೇಡ. ಪೋರ್ಚುಗೀಸರೇ ಸಮುದ್ರದ ಕಡೆ ಹೊರಡುವ ತಿಂಗಳು ಅದು. ಹೊರದೇಶಗಳಲ್ಲಿ ದುಡಿಯುವ ಪೋರ್ಚುಗೀಸರೂ ರಜೆಗೆ ಊರಿಗೆ ಬರುತ್ತಾರೆ. ಜೂನ್‌ನಲ್ಲಿ ಎರಡು ತಾರೀಕು ನೋಡಿಕೊಳ್ಳಿ: ಲಿಸ್ಬನ್ನಿನಲ್ಲಿ 12–13ರಂದು ಸಂತ ಆಂಟನಿ ಹಬ್ಬ, ಪೋರ್ಟೊದಲ್ಲಿ 23–24ರಂದು ಸಂತ ಜಾನ್ ಹಬ್ಬ. ಹಬ್ಬ ನೋಡಲೆಂದೇ ಹೋಗುವುದಾದರೆ ಸರಿ, ಬೀದಿ ತುಂಬ ಜನ, ಹಾಡು, ಸುಟ್ಟ ಸಾರ್ಡೀನ್ ಮೀನಿನ ವಾಸನೆ. ಗೊತ್ತಿಲ್ಲದೆ ಹೋದರೆ ರೂಮಿನ ಬೆಲೆ ನೋಡಿ ಗಾಬರಿಯಾಗುತ್ತದೆ.

ಚಳಿಗಾಲದಲ್ಲಿ ಎಲ್ಲವೂ ಅಗ್ಗ. ಆದರೆ ಪೋರ್ಟೊದಲ್ಲಿ ಮಳೆ ಜಾಸ್ತಿ. ಹಳೆಯ ಮನೆಗಳಲ್ಲಿ ಹೀಟರ್ ವ್ಯವಸ್ಥೆ ಚೆನ್ನಾಗಿರುವುದಿಲ್ಲ, ಮನೆಯೊಳಗೇ ಚಳಿ ಹಿಡಿಯುತ್ತದೆ.

2. ದಾರಿ ಹಾಕಿಕೊಳ್ಳಿ

ಒಂಬತ್ತು ರಾತ್ರಿ ಇದ್ದರೆ ನನ್ನ ಸಲಹೆ ಹೀಗೆ:

- ಲಿಸ್ಬನ್: 4 ರಾತ್ರಿ. ಅಲ್ಲಿಂದ ಕಾಸ್ಕೈಸ್ ಕಡಲತೀರಕ್ಕೆ ಒಂದು ದಿನ, ಸಿಂಟ್ರಾ ಬೆಟ್ಟದ ಅರಮನೆಗಳಿಗೆ ಒಂದು ದಿನ.
- ನಜರೆ: 2 ರಾತ್ರಿ. ಮೀನುಗಾರರ ಊರು, ಉದ್ದನೆಯ ಮರಳಿನ ಬೀಚು.
- ಪೋರ್ಟೊ: 3 ರಾತ್ರಿ. ಅಲ್ಲಿಂದ ಅವೇರೊ ಮತ್ತು ಕೋಸ್ಟಾ ನೋವಾಗೆ ಒಂದು ದಿನ.

ಲಿಸ್ಬನ್ನಿನಲ್ಲಿ ಇಳಿದು ಪೋರ್ಟೊದಿಂದ ವಾಪಸ್ ಹೊರಡಿ. ಹೀಗೆ ಒಂದು ಊರಿಗೆ ಹೋಗಿ ಇನ್ನೊಂದು ಊರಿನಿಂದ ಮರಳುವ ಟಿಕೆಟಿಗೆ ಓಪನ್ ಜಾ ಅನ್ನುತ್ತಾರೆ. ವಿಮಾನದ ಸೈಟಿನಲ್ಲಿ ಮಲ್ಟಿ ಸಿಟಿ ಒತ್ತಿ ಹುಡುಕಿ. ಹೋಗಿಬರುವ ಟಿಕೆಟ್ಟಿನಷ್ಟೇ ಬೆಲೆಗೆ ಸಿಗುವುದುಂಟು. ಬಂದ ದಾರಿಯಲ್ಲೇ ವಾಪಸ್ ಹೋಗುವ ರೈಲು ಖರ್ಚು, ಒಂದು ದಿನ, ಎರಡೂ ಉಳಿಯುತ್ತವೆ.

ಆರೇ ರಾತ್ರಿ ಇದೆಯಾ? ನಜರೆ ಬಿಡಿ. ಲಿಸ್ಬನ್ ಮೂರು, ಪೋರ್ಟೊ ಮೂರು. ಸಮುದ್ರ ಹೇಗೂ ಲೋಕಲ್ ರೈಲಿನಲ್ಲೇ ಸಿಗುತ್ತದೆ.

3. ವೀಸಾ

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಷೆಂಗೆನ್ ವೀಸಾ ಬೇಕು. ಯೂರೋಪಿನ 29 ದೇಶಗಳು ಸೇರಿ ಒಪ್ಪಿಕೊಂಡಿರುವ ಒಂದೇ ವೀಸಾ ಇದು. ಯಾವುದೇ 180 ದಿನಗಳಲ್ಲಿ ಒಟ್ಟು 90 ದಿನ ಇರಲು ಇದರ ಮಿತಿ. ಎಷ್ಟು ದಿನ ಕೊಟ್ಟಿದ್ದಾರೆ ಅನ್ನುವುದು ಪಾಸ್‌ಪೋರ್ಟಿನಲ್ಲಿ ಅಂಟಿಸುವ ವೀಸಾ ಸ್ಟಿಕ್ಕರ್ ಮೇಲೆ ಇರುತ್ತದೆ, ಅದನ್ನೇ ನೋಡಿ.

ಹೆಚ್ಚು ರಾತ್ರಿ ಎಲ್ಲಿ ಇರುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು. ಈ ಪ್ಲಾನಿನಲ್ಲಿ ಅದು ಪೋರ್ಚುಗಲ್, ಗೊಂದಲವೇ ಇಲ್ಲ. ಪ್ರಯಾಣಕ್ಕೆ ಆರು ತಿಂಗಳು ಇರುವಾಗಿನಿಂದ ಅರ್ಜಿ ಹಾಕಬಹುದು, ಕೊನೆಯ ಗಡುವು 15 ದಿನ ಮೊದಲು. ಆ ಗಡುವಿನವರೆಗೆ ಕಾಯಬೇಡಿ. ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ. ಮೂರು ತಿಂಗಳು ಮೊದಲೇ ಶುರು ಮಾಡಿ.

ಶುಲ್ಕ ದೊಡ್ಡವರಿಗೆ 90 ಯೂರೊ, 6ರಿಂದ 12 ವರ್ಷದೊಳಗಿನ ಮಕ್ಕಳಿಗೆ 45 ಯೂರೊ, ಅದಕ್ಕಿಂತ ಚಿಕ್ಕವರಿಗೆ ಇಲ್ಲ. 2024ರ ಜೂನ್‌ನಿಂದ ಇರುವ ದರ ಇದು. ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ವೀಸಾ ಸಿಗದಿದ್ದರೂ ಈ ಹಣ ವಾಪಸ್ ಬರುವುದಿಲ್ಲ.

ಬೇಕಾದ ಕಾಗದ: ಭರ್ತಿ ಮಾಡಿದ ಅರ್ಜಿ, ಫೋಟೊ, ಕನಿಷ್ಠ 30,000 ಯೂರೊ ವೈದ್ಯಕೀಯ ಖರ್ಚು ಭರಿಸುವ ಪ್ರಯಾಣ ವಿಮೆ, ಬ್ಯಾಂಕ್ ಸ್ಟೇಟ್‌ಮೆಂಟ್, ಆದಾಯ ತೆರಿಗೆ ರಿಟರ್ನ್, ಕೆಲಸದ ಕಡೆಯಿಂದ ರಜೆ ಪತ್ರ, ದಿನದ ಲೆಕ್ಕದಲ್ಲಿ ಪ್ರವಾಸದ ವಿವರ, ರೂಮ್ ಬುಕಿಂಗ್. ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು. ನೀವು ವಾಪಸ್ ಹೊರಡುವ ದಿನದಿಂದ ಕನಿಷ್ಠ ಮೂರು ತಿಂಗಳು ಅವಧಿ ಉಳಿದಿರಬೇಕು. ಎರಡು ಖಾಲಿ ಪುಟ ಬೇಕು.

ಜನ ಎಡವುವುದು ಎಲ್ಲಿ ಅಂದರೆ:

ಬ್ಯಾಂಕ್ ಖಾತೆಗೆ ಕೊನೆಯ ವಾರದಲ್ಲಿ ದೊಡ್ಡ ಮೊತ್ತ ತುಂಬಿಸುತ್ತಾರೆ. ಇದು ಅನುಮಾನ ಹುಟ್ಟಿಸುತ್ತದೆ. ತಿಂಗಳು ತಿಂಗಳು ಸಂಬಳ ಬಂದು ಒಂದಿಷ್ಟು ಉಳಿಯುತ್ತಿರುವ ಖಾತೆಯೇ ನಂಬಿಕೆ ಕೊಡುವುದು.

ನಕಲಿ ಹೋಟೆಲ್ ಬುಕಿಂಗ್ ಮಾಡಿಕೊಡುತ್ತೇವೆ ಅನ್ನುವವರಿದ್ದಾರೆ. ದಯವಿಟ್ಟು ಅದಕ್ಕೆ ಕೈ ಹಾಕಬೇಡಿ. ದುಡ್ಡು ಕಳೆದುಕೊಳ್ಳದೆ ರದ್ದು ಮಾಡಬಹುದಾದ ನಿಜವಾದ ರೂಮುಗಳು ಬೇಕಾದಷ್ಟು ಸಿಗುವಾಗ ಸುಳ್ಳು ಕಾಗದ ಯಾಕೆ? ಅಪಾಯಿಂಟ್‌ಮೆಂಟ್ ಕೊಡಿಸುತ್ತೇವೆ ಅಂತ ಹಣ ಕೇಳುವ ಏಜೆಂಟರನ್ನೂ ದೂರ ಇಡಿ.

ವೀಸಾ ಕೈಗೆ ಬರುವ ಮೊದಲು ವಾಪಸ್ ಬಾರದ ಟಿಕೆಟಿಗೆ ದುಡ್ಡು ಹಾಕಬೇಡಿ. ರದ್ದು ಮಾಡಬಹುದಾದ ಟಿಕೆಟ್ ಅಥವಾ ಏರ್‌ಲೈನಿನ ರಿಸರ್ವೇಶನ್ ಇಟ್ಟು ಅರ್ಜಿ ಹಾಕಿ.

ಮುಂದೆ ಮತ್ತೆ ಹೋಗುವ ಆಸೆ ಇದ್ದವರಿಗೆ ಇನ್ನೊಂದು ಸಂಗತಿ. 2024ರ ಏಪ್ರಿಲ್‌ನಲ್ಲಿ ಭಾರತದಲ್ಲಿರುವ ಭಾರತೀಯರಿಗೆ ನಿಯಮ ಸ್ವಲ್ಪ ಸಡಿಲವಾಯಿತು. ಮೂರು ವರ್ಷದೊಳಗೆ ಎರಡು ಷೆಂಗೆನ್ ವೀಸಾ ಪಡೆದು ಸರಿಯಾಗಿ ಬಳಸಿದವರಿಗೆ ಎರಡು ವರ್ಷದ, ಹಲವು ಸಲ ಹೋಗಬಹುದಾದ ವೀಸಾ ಸಿಗಬಹುದು. ಅದರ ನಂತರ ಐದು ವರ್ಷದ್ದು. ಹಳೆಯ ವೀಸಾಗಳಿರುವ ಪಾಸ್‌ಪೋರ್ಟ್ ಎಸೆಯಬೇಡಿ.

4. ವಿಮಾನ

ಬೆಂಗಳೂರಿನಿಂದ ಪೋರ್ಚುಗಲ್‌ಗೆ ನೇರ ವಿಮಾನ ಇಲ್ಲ. ದುಬೈ, ಫ್ರಾಂಕ್‌ಫರ್ಟ್, ಮ್ಯೂನಿಕ್, ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್ ಇಂಥ ಕಡೆ ಒಂದು ಸಲ ಬದಲಿಸಬೇಕು. ಲಂಡನ್ ಮೂಲಕ ಹೋಗುವ ಟಿಕೆಟ್ ಅಗ್ಗ ಕಂಡರೆ ತಕ್ಷಣ ತೆಗೆಯಬೇಡಿ. ಬ್ರಿಟನ್ ಷೆಂಗೆನ್‌ಗೆ ಸೇರಿಲ್ಲ. ಬರೀ ವಿಮಾನ ಬದಲಿಸಲಿಕ್ಕೂ ಬೇರೆ ಟ್ರಾನ್ಸಿಟ್ ವೀಸಾ ಬೇಕಾಗಬಹುದು.

ಇನ್ನೊಂದು ಬಲೆ: ಎರಡು ಬೇರೆ ಬೇರೆ ಟಿಕೆಟ್ ಜೋಡಿಸಿ ಅಗ್ಗ ಮಾಡುವುದು. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಯಾರೂ ಜವಾಬ್ದಾರರಲ್ಲ. ಒಂದೇ ಬುಕಿಂಗ್ ನಂಬರಿನಲ್ಲಿ ಕೊನೆಯವರೆಗೂ ಟಿಕೆಟ್ ಇರಲಿ.

5. ರೂಮ್

ಬೆಲೆ ನೋಡುವ ಮೊದಲು ನಕ್ಷೆ ನೋಡಿ. ಲಿಸ್ಬನ್ ಪೂರ್ತಿ ಗುಡ್ಡದ ಊರು, ಪೋರ್ಟೊ ಕೂಡ ಹಾಗೆಯೇ. ನಕ್ಷೆಯಲ್ಲಿ 400 ಮೀಟರ್ ಅಂತ ಕಾಣುವುದು ಊರಿನಲ್ಲಿ ನೂರು ಮೆಟ್ಟಿಲಾಗಿರಬಹುದು. ಕಾಲುದಾರಿಗೆಲ್ಲ ಚಿಕ್ಕ ಚಿಕ್ಕ ಸುಣ್ಣಕಲ್ಲು ಹಾಸಿರುತ್ತಾರೆ. ನೋಡಲು ಚೆಂದ. ಆದರೆ ಸೂಟ್‌ಕೇಸಿನ ಚಕ್ರ ಅದರ ಮೇಲೆ ಉರುಳುವುದಿಲ್ಲ, ಕುಣಿಯುತ್ತದೆ. ಮಳೆ ಬಂದರೆ ಕಲ್ಲು ಜಾರುತ್ತದೆ. ವಯಸ್ಸಾದವರು ಜೊತೆಗಿದ್ದರೆ ಎರಡು ಪ್ರಶ್ನೆ ಕೇಳಲೇಬೇಕು: ಮೆಟ್ರೊ ಸ್ಟೇಷನ್ ಎಷ್ಟು ಹತ್ತಿರ? ಲಿಫ್ಟ್ ಇದೆಯಾ?

ಲಿಸ್ಬನ್ನಿನಲ್ಲಿ ಅಲ್ಫಾಮಾ, ಬೈರೊ ಆಲ್ಟೊ ಕಡೆ ಬಾಡಿಗೆ ಜಾಸ್ತಿ, ಬೈರೊ ಆಲ್ಟೊದಲ್ಲಿ ರಾತ್ರಿಯಿಡೀ ಗಲಾಟೆ ಬೇರೆ. ಹಸಿರು ಮೆಟ್ರೊ ಲೈನಿನಲ್ಲಿರುವ ಆರೊಯೋಸ್, ಅಲಮೇಡಾ ಕಡೆ ನೋಡಿ. ಊರಿನ ನಡುವಿಗೆ ಕೆಲವೇ ಸ್ಟೇಷನ್. ಅದೇ ಲೈನಿನ ಮಾರ್ಟಿಂ ಮೊನಿಜ್ ಸುತ್ತ ದಕ್ಷಿಣ ಏಷ್ಯಾದವರ ದಿನಸಿ ಅಂಗಡಿಗಳಿವೆ. ಅಕ್ಕಿ, ಬೇಳೆ, ಮಸಾಲೆ ಅಲ್ಲಿ ಸಿಗುತ್ತದೆ. ಪೋರ್ಟೊದಲ್ಲಿ ಮಾರ್ಕೆಸ್ ಸ್ಟೇಷನ್ ಸುತ್ತ, ಇಲ್ಲವೇ ನದಿಯ ಆಚೆ ದಡದ ಗಾಯಾದಲ್ಲಿ ಹುಡುಕಿ.

ಸೀಸನ್ ಅಲ್ಲದಾಗ ಇಬ್ಬರಿಗೆ ಸಾಧಾರಣ ರೂಮಿಗೆ ಅಂದಾಜು 70ರಿಂದ 100 ಯೂರೊ ಲೆಕ್ಕ ಇಟ್ಟುಕೊಳ್ಳಿ. ಅದರ ಮೇಲೆ ಪ್ರವಾಸಿ ತೆರಿಗೆ ಇದೆ: ತಲೆಗೆ ಒಂದು ರಾತ್ರಿಗೆ ಲಿಸ್ಬನ್ನಿನಲ್ಲಿ 4 ಯೂರೊ, ಪೋರ್ಟೊದಲ್ಲಿ 3 ಯೂರೊ. ಬಹಳಷ್ಟು ಸೈಟುಗಳು ಇದನ್ನು ಬೆಲೆಯಲ್ಲಿ ಸೇರಿಸಿ ತೋರಿಸುವುದಿಲ್ಲ, ಅಲ್ಲಿ ಹೋದ ಮೇಲೆ ಕೇಳುತ್ತಾರೆ. ಮನೆ ಬಾಡಿಗೆಗೆ ತೆಗೆದುಕೊಂಡರೆ ಎಎಲ್ ಎಂದು ಕೊನೆಯಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿ. ಪ್ರವಾಸಿಗರಿಗೆ ಬಾಡಿಗೆಗೆ ಕೊಡಲು ಪರವಾನಗಿ ಇದೆ ಎಂಬುದರ ಗುರುತು ಅದು.

6. ರೈಲು, ಬಸ್ಸು, ಊರೊಳಗಿನ ಕಾರ್ಡು

ದೂರದ ರೈಲುಗಳಲ್ಲಿ ಎರಡು ಬಗೆ: ಆಲ್ಫಾ ಪೆಂಡುಲಾರ್ ಮತ್ತು ಇಂಟರ್‌ಸಿದಾದೆಸ್. ಮೊದಲನೆಯದು ವೇಗ, ಬೆಲೆ ಜಾಸ್ತಿ. ಎರಡನೆಯದು ಅದಕ್ಕಿಂತ ಸ್ವಲ್ಪವೇ ನಿಧಾನ. ನನ್ನ ಕೇಳಿದರೆ ಎರಡನೆಯದೇ ಸಾಕು. ರಾಷ್ಟ್ರೀಯ ರೈಲು ಸಂಸ್ಥೆಯಾದ ಸಿಪಿಯ ಸೈಟಿನಲ್ಲಿ ಮೊದಲೇ ಬುಕ್ ಮಾಡಿದರೆ ಪ್ರೋಮೊ ಎಂಬ ರಿಯಾಯಿತಿ ಟಿಕೆಟ್ ಸಿಗುತ್ತದೆ. ಪ್ರತಿ ರೈಲಿಗೆ ಇಂತಿಷ್ಟೇ ಸೀಟು, ಬೇಗ ಮುಗಿಯುತ್ತವೆ. ವೀಸಾ ಬಂದ ದಿನವೇ ಇದನ್ನು ಮಾಡಿ.

ನಜರೆಗೆ ರೈಲಿನಲ್ಲಿ ಹೋಗಬೇಡಿ, ಸ್ಟೇಷನ್ ಊರಿನಿಂದ ದೂರ. ಲಿಸ್ಬನ್ನಿನ ಸೆಟೆ ರಿಯೋಸ್ ಬಸ್ ನಿಲ್ದಾಣದಿಂದ ಬಸ್ಸಿದೆ, ಸುಮಾರು ಎರಡು ಗಂಟೆ. ನಜರೆಯಿಂದ ಪೋರ್ಟೊಗೆ ನಿಮಗೆ ಬೇಕಾದ ಹೊತ್ತಿಗೆ ಬಸ್ ಸಿಗದಿದ್ದರೆ ಕೊಯಿಂಬ್ರಾವರೆಗೆ ಬಸ್ಸು, ಅಲ್ಲಿಂದ ರೈಲು.

ಲಿಸ್ಬನ್ನಿನಲ್ಲಿ ನವೆಗಾಂಟೆ ಎಂಬ ಕಾರ್ಡು ತೆಗೆದುಕೊಳ್ಳಿ, ಅರ್ಧ ಯೂರೊ. ತಲೆಗೊಂದು ಬೇಕು, ಒಂದೇ ಕಾರ್ಡಿನಲ್ಲಿ ಇಬ್ಬರು ಹೋಗುವಂತಿಲ್ಲ. ಅದಕ್ಕೆ ದುಡ್ಡು ತುಂಬಿಸಿಕೊಂಡು ಬಳಸುವುದಕ್ಕೆ ಜಾಪಿಂಗ್ ಅನ್ನುತ್ತಾರೆ. ಮೆಟ್ರೊ, ಬಸ್ಸು, ಟ್ರಾಮ್, ಕಾಸ್ಕೈಸ್ ಮತ್ತು ಸಿಂಟ್ರಾ ರೈಲು, ನದಿ ದಾಟುವ ದೋಣಿ, ಎಲ್ಲಕ್ಕೂ ಅದೇ ಆಗುತ್ತದೆ. ಒಂದು ಕಾರ್ಡಿನಲ್ಲಿ ಒಂದು ಬಗೆಯ ಟಿಕೆಟ್ ಮಾತ್ರ ನಿಲ್ಲುತ್ತದೆ. ಜಾಪಿಂಗ್ ಹಣ ಮುಗಿಯದೆ ಅದರಲ್ಲೇ ದಿನದ ಪಾಸು ತುಂಬಿಸಲು ಆಗುವುದಿಲ್ಲ.

ಪೋರ್ಟೊದ ಕಾರ್ಡಿನ ಹೆಸರು ಅಂಡಾಂಟೆ. ಇಲ್ಲಿ ಹುಷಾರು. ಪೋರ್ಟೊ ಮೆಟ್ರೊದಲ್ಲಿ ತಡೆಗೇಟುಗಳಿಲ್ಲ. ಬೆಂಗಳೂರು ಮೆಟ್ರೊ ಅಭ್ಯಾಸ ಇರುವವರು ಗೇಟು ಕಾಣದೆ ನೇರ ಪ್ಲಾಟ್‌ಫಾರ್ಮಿಗೆ ಇಳಿದುಬಿಡುತ್ತಾರೆ. ಅಲ್ಲೇ ಪಕ್ಕದಲ್ಲಿ ಒಂದು ಚಿಕ್ಕ ಯಂತ್ರ ನಿಂತಿರುತ್ತದೆ. ಅದಕ್ಕೆ ಕಾರ್ಡು ತೋರಿಸಿ ಹಸಿರು ದೀಪ ಬಂದರೆ ಮಾತ್ರ ನಿಮ್ಮ ಟಿಕೆಟ್ ಶುರುವಾಯಿತು ಅಂತ. ಲೈನ್ ಬದಲಿಸುವಾಗಲೂ ಮತ್ತೆ ತೋರಿಸಬೇಕು. ಕಾರ್ಡಿನಲ್ಲಿ ದುಡ್ಡಿದ್ದೂ ತೋರಿಸದೆ ಸಿಕ್ಕಿಬಿದ್ದರೆ ದಂಡ ಕಟ್ಟಲೇಬೇಕು.

ಲಿಸ್ಬನ್ನಿನ 28ನೇ ನಂಬರಿನ ಹಳದಿ ಟ್ರಾಮ್ ಎಲ್ಲರಿಗೂ ಬೇಕು. ಮಾರ್ಟಿಂ ಮೊನಿಜ್‌ನಲ್ಲಿ ಉದ್ದ ಕ್ಯೂ, ಒಳಗೆ ನೂಕುನುಗ್ಗಲು, ಜೇಬುಗಳ್ಳರಿಗೆ ಹಬ್ಬ. ಇನ್ನೊಂದು ತುದಿಯಾದ ಕಾಂಪೊ ಡಿ ಔರಿಕ್‌ನಿಂದ ಬೆಳಿಗ್ಗೆ ಬೇಗ ಹತ್ತಿ. ಕೂರಲು ಜಾಗವೂ ಸಿಗುತ್ತದೆ.

7. ಕಡಲತೀರ

ಗೋಕರ್ಣ, ಮುರ್ಡೇಶ್ವರದ ಬೆಚ್ಚನೆಯ ನೀರನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗಬೇಡಿ. ಅಟ್ಲಾಂಟಿಕ್ ನೀರು ತಣ್ಣಗಿರುತ್ತದೆ. ಪೋರ್ಟೊ ಕಡೆ ಬೇಸಿಗೆಯಲ್ಲೂ 16–18 ಡಿಗ್ರಿ ಆಸುಪಾಸು. ಮಧ್ಯಾಹ್ನದ ಮೇಲೆ ಉತ್ತರದ ಗಾಳಿ ಜೋರಾಗಿ ಬೀಸುತ್ತದೆ, ಮರಳು ಮುಖಕ್ಕೆ ಹೊಡೆಯುತ್ತದೆ. ಬೀಚಿಗೆ ಬೆಳಿಗ್ಗೆಯೇ ಹೋಗಿ, ಮೇಲೊಂದು ಜಾಕೆಟ್ ಇರಲಿ.

ನೀರಿಗಿಳಿಯಲೇಬೇಕು ಅನ್ನುವವರಿಗೆ ದಕ್ಷಿಣದ ಅಲ್ಗಾರ್ವೆ ಸರಿ, ಅಲ್ಲಿ ನೀರು ಇನ್ನಷ್ಟು ಬೆಚ್ಚಗೆ. ಆಗ ನಜರೆಯ ಬದಲು ಲಾಗೋಸ್‌ಗೆ ಹೋಗಿ. ಲಿಸ್ಬನ್ನಿನಿಂದ ರೈಲಿದೆ, ಟೂನೆಸ್ ಸ್ಟೇಷನ್ನಿನಲ್ಲಿ ಬದಲಿಸಬೇಕು.

ಲಿಸ್ಬನ್ನಿನ ಕೈಸ್ ಡೊ ಸೊದ್ರೆ ಸ್ಟೇಷನ್ನಿನಿಂದ ಕಾಸ್ಕೈಸ್ 40 ನಿಮಿಷ. ಎಡಗಡೆ ಕಿಟಕಿ ಹಿಡಿಯಿರಿ, ಮೊದಲು ನದಿ, ಆಮೇಲೆ ಸಮುದ್ರ ಜೊತೆಗೇ ಬರುತ್ತದೆ. ಕಾಸ್ಕೈಸ್ ಬೀಚುಗಳು ಚಿಕ್ಕವು, ಊರು ಚೆಂದ. ಅಗಲವಾದ ಮರಳು ಬೇಕಿದ್ದರೆ ದಾರಿಯಲ್ಲೇ ಕಾರ್ಕವೆಲೋಸ್‌ನಲ್ಲಿ ಇಳಿಯಿರಿ.

ಪೋರ್ಟೊದ ಸಾವೊ ಬೆಂಟೊ ಸ್ಟೇಷನ್ನಿನಿಂದ ಅವೇರೊಗೆ ಹೋಗುವ ಲೋಕಲ್ ರೈಲು ನನಗೆ ತುಂಬ ಇಷ್ಟ. ಸ್ಟೇಷನ್ ಗೋಡೆಯ ತುಂಬ ನೀಲಿ ಟೈಲ್ಸ್‌ಗಳಲ್ಲಿ ಯುದ್ಧ, ಮೆರವಣಿಗೆಗಳ ಚಿತ್ರ, ನೋಡಲು ಟಿಕೆಟ್ ಬೇಡ. ರೈಲು ಡೌರೊ ನದಿ ದಾಟಿ ಸಮುದ್ರದ ಹತ್ತಿರ ಓಡುತ್ತದೆ. ಮಿರಾಮಾರ್‌ನಲ್ಲಿ ಇಳಿದು ಸ್ವಲ್ಪ ನಡೆದರೆ ಸೆನ್ಯೋರ್ ಡ ಪೆದ್ರಾ ಚರ್ಚು. ಅಲೆ ಬಡಿಯುವ ಬಂಡೆಯ ಮೇಲೆ ಒಂದೇ ಒಂದು ಪುಟ್ಟ ಕಟ್ಟಡ. ಎಸ್ಪಿನ್ಯೋದಲ್ಲಿ ಸ್ಟೇಷನ್ನಿನಿಂದ ಬೀಚಿಗೆ ನಡೆದೇ ಹೋಗಬಹುದು. ಕೊನೆಗೆ ಅವೇರೊ, ಕಾಲುವೆಗಳ ಊರು. ಅಲ್ಲಿಂದ ಬಸ್ಸಿನಲ್ಲಿ ಕೋಸ್ಟಾ ನೋವಾ. ಬಣ್ಣದ ಪಟ್ಟೆ ಬಳಿದ ಮರದ ಮನೆಗಳ ಸಾಲು ಒಂದು ಕಡೆ, ಅಟ್ಲಾಂಟಿಕ್ ಇನ್ನೊಂದು ಕಡೆ.

ನಜರೆಯಲ್ಲಿ ಎರಡು ಬೀಚು, ಎರಡೂ ಬೇರೆ ಬೇರೆ ಸ್ವಭಾವ. ಊರ ಮುಂದಿನದು ಬೇಸಿಗೆಯಲ್ಲಿ ಈಜಲು. ಗುಡ್ಡದ ಆಚೆಯ ಪ್ರಾಯಾ ಡೊ ನಾರ್ಟೆ ನೋಡಲು ಮಾತ್ರ. ಸಮುದ್ರದ ತಳದಲ್ಲಿ ದೊಡ್ಡ ಕಣಿವೆಯೊಂದು ದಡದವರೆಗೆ ಬಂದಿದೆ, ಅಲೆಗಳು ಅದರಿಂದಾಗಿ ಅಷ್ಟೆತ್ತರ ಏಳುತ್ತವೆ. 2020ರಲ್ಲಿ ಇಲ್ಲಿ ಸರ್ಫ್ ಮಾಡಿದ ಅಲೆ 26 ಮೀಟರಿಗೂ ಎತ್ತರ, ಅದು ಗಿನ್ನೆಸ್ ದಾಖಲೆ. ದೊಡ್ಡ ಅಲೆಗಳು ಬರುವುದು ಅಕ್ಟೋಬರ್‌ನಿಂದ ಮಾರ್ಚ್ ಒಳಗೆ.

ಬಾವುಟ ನೋಡದೆ ನೀರಿಗಿಳಿಯಬೇಡಿ. ಹಸಿರು ಇದ್ದರೆ ಈಜಬಹುದು. ಹಳದಿ ಇದ್ದರೆ ಕಾಲು ನೆನೆಸಿಕೊಳ್ಳಬಹುದು, ಈಜುವಂತಿಲ್ಲ. ಕೆಂಪು ಇದ್ದರೆ ನೀರಿಗೇ ಇಳಿಯುವಂತಿಲ್ಲ. ಬೇಸಿಗೆ ಮುಗಿದ ಮೇಲೆ ಬಹಳ ಕಡೆ ಕಾವಲುಗಾರರೇ ಇರುವುದಿಲ್ಲ. ಆಗ ಮಕ್ಕಳನ್ನು ದಡದಲ್ಲೇ ಇರಿಸಿಕೊಳ್ಳಿ.

8. ಊಟ ಮತ್ತು ದುಡ್ಡು

ದಿನದ ದೊಡ್ಡ ಊಟ ಮಧ್ಯಾಹ್ನ ಮಾಡಿ. ಪ್ರಾಟೊ ಡೊ ದಿಯಾ ಎಂದು ಬಾಗಿಲಲ್ಲಿ ಬರೆದಿರುತ್ತಾರೆ, ಅಂದರೆ ದಿನದ ವಿಶೇಷ. ಸಣ್ಣ ಹೋಟೆಲುಗಳಲ್ಲಿ 10–14 ಯೂರೊಗೆ ಹೊಟ್ಟೆ ತುಂಬುತ್ತದೆ.

ಕೂತ ಕೂಡಲೇ ಬ್ರೆಡ್ಡು, ಆಲಿವ್, ಚೀಸ್ ತಂದಿಡುತ್ತಾರೆ. ಇದರ ಹೆಸರು ಕೊವೆರ್. ಪುಕ್ಕಟೆ ಅಲ್ಲ. ಮುಟ್ಟಿದರೆ ಬಿಲ್ಲಿಗೆ ಸೇರುತ್ತದೆ. ಬೇಡವಾದರೆ ತಂದಾಗಲೇ ಬೇಡ ಎಂದು ಹೇಳಿ ವಾಪಸ್ ಕಳಿಸಿ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಸಸ್ಯಾಹಾರಿಗಳು ಮೂರು ಪದ ಕಲಿತರೆ ಸಾಕು: ಸೆಂ ಕಾರ್ನೆ ಅಂದರೆ ಮಾಂಸ ಬೇಡ, ಸೆಂ ಪೈಶೆ ಅಂದರೆ ಮೀನು ಬೇಡ, ಸೆಂ ಓವೊ ಅಂದರೆ ಮೊಟ್ಟೆ ಬೇಡ. ಕಾಲ್ಡೊ ವೆರ್ಡೆ ಎಂಬ ಹಸಿರು ಸೊಪ್ಪಿನ ಸೂಪು ಕಂಡರೆ ನಂಬಬೇಡಿ, ಅದರಲ್ಲಿ ಸಾಸೇಜ್ ತುಂಡು ಹಾಕುವುದು ವಾಡಿಕೆ. ಹೆಸರಾದ ಪಾಸ್ಟೆಲ್ ಡಿ ನಾಟಾ ಸಿಹಿಯಲ್ಲಿ ಮೊಟ್ಟೆಯ ಹಳದಿ ಇದೆ. ರಾತ್ರಿಗೆ ಸೂಪರ್ ಮಾರ್ಕೆಟ್ ನೋಡಿ. ಪಿಂಗೊ ಡೋಸಿ, ಕೊಂಟಿನೆಂಟೆ, ಲಿಡ್ಲ್ ಎಲ್ಲ ಕಡೆ ಇವೆ. ಅಡುಗೆಮನೆ ಇರುವ ರೂಮಾದರೆ ಒಂದು ಕುಕ್ಕರ್ ಅನ್ನ, ಮೊಸರು, ಊರಿಂದ ತಂದ ಚಟ್ನಿಪುಡಿ, ಅಲ್ವಾ? ಆದರೆ ತುಪ್ಪ, ಪೇಡಾ, ಹಾಲಿನ ಮತ್ತು ಮಾಂಸದ ಪದಾರ್ಥ ಸೂಟ್‌ಕೇಸಿನಲ್ಲಿ ಇಡಬೇಡಿ. ಹೊರದೇಶದಿಂದ ಇವನ್ನು ಯೂರೋಪ್ ಒಕ್ಕೂಟದೊಳಗೆ ತರಲು ಬಿಡುವುದಿಲ್ಲ.

ದುಡ್ಡಿನ ವಿಷಯದಲ್ಲಿ ಒಂದು ಕಡೆ ಎಲ್ಲರೂ ಕಳೆದುಕೊಳ್ಳುತ್ತಾರೆ. ಎಟಿಎಂ ಅಥವಾ ಕಾರ್ಡ್ ಯಂತ್ರ ಕೇಳುತ್ತದೆ: ಯೂರೊದಲ್ಲಿ ಕಟ್ಟುತ್ತೀರಾ, ರೂಪಾಯಿಯಲ್ಲಾ? ಯಾವಾಗಲೂ ಯೂರೊ ಒತ್ತಿ. ರೂಪಾಯಿ ಒತ್ತಿದರೆ ಅವರ ದರದಲ್ಲಿ ಲೆಕ್ಕ ಹಾಕುತ್ತಾರೆ, ಸುಮ್ನೆ ನಷ್ಟ. ನಗದಿಗೆ ಬ್ಯಾಂಕಿಗೆ ಸೇರಿದ, ನೀಲಿ ಎಂಬಿ ಗುರುತಿನ ಮಲ್ಟಿಬಾಂಕೊ ಯಂತ್ರಗಳನ್ನೇ ಹುಡುಕಿ. ಸಣ್ಣ ಅಂಗಡಿಗಳಲ್ಲಿ ಹೊರದೇಶದ ಕಾರ್ಡು ನಡೆಯದೆ ಹೋಗಬಹುದು, ಸ್ವಲ್ಪ ಚಿಲ್ಲರೆ ಇಟ್ಟುಕೊಂಡಿರಿ.

ಭಾನುವಾರ ಮ್ಯೂಸಿಯಂ ಉಚಿತ ಎಂಬ ಹಳೆಯ ಸಲಹೆ ಇನ್ನೂ ಓಡಾಡುತ್ತಿದೆ. ರಾಷ್ಟ್ರೀಯ ಮ್ಯೂಸಿಯಂಗಳ ಉಚಿತ ದಿನಗಳ ಸೌಲಭ್ಯ ಪೋರ್ಚುಗಲ್ ನಿವಾಸಿಗಳಿಗೆ ಮಾತ್ರ. ಅದನ್ನು ನಂಬಿ ದಿನ ಜೋಡಿಸಬೇಡಿ. ಲಿಸ್ಬನ್ನಿನ ಸೆನ್ಯೋರಾ ಡೊ ಮೊಂಟೆ ಗುಡ್ಡದಿಂದ ಊರು ನೋಡುವುದಕ್ಕೆ, ಪೋರ್ಟೊದಲ್ಲಿ 1886ರಲ್ಲಿ ತೆರೆದ ಡೊಂ ಲೂಯಿಸ್ ಸೇತುವೆಯ ಮೇಲಂತಸ್ತಿನಲ್ಲಿ ನಡೆಯುವುದಕ್ಕೆ ಯಾವತ್ತೂ ಕಾಸಿಲ್ಲ.

9. ಹೊರಡುವ ವಾರ

ಗ್ರೆವೆ ಎಂಬ ಪದ ನೆನಪಿರಲಿ, ಅಂದರೆ ಮುಷ್ಕರ. ರೈಲು ನೌಕರರ ಮುಷ್ಕರ ಅಲ್ಲಿ ಅಪರೂಪವಲ್ಲ, ಮೊದಲೇ ಘೋಷಿಸುತ್ತಾರೆ. ರೈಲಿನ ಸೈಟನ್ನು ಒಮ್ಮೆ ನೋಡಿ. ನಿಮ್ಮ ದಿನವೇ ಮುಷ್ಕರ ಇದ್ದರೆ ತಕ್ಷಣ ಬಸ್ ಸೀಟು ಹಿಡಿಯಿರಿ.

2025ರ ಅಕ್ಟೋಬರ್‌ನಿಂದ ಷೆಂಗೆನ್ ಗಡಿಗಳಲ್ಲಿ ಹಂತ ಹಂತವಾಗಿ ಪಾಸ್‌ಪೋರ್ಟ್ ಮುದ್ರೆಯ ಬದಲು ಬೆರಳಚ್ಚು ಮತ್ತು ಮುಖದ ಫೋಟೊ ತೆಗೆದುಕೊಳ್ಳುವ ವ್ಯವಸ್ಥೆ ಬಂದಿದೆ. ಕ್ಯೂ ಉದ್ದವಾಗುತ್ತದೆ. ಹೋಗುವಾಗ ವಿಮಾನ ಬದಲಿಸಲು ಎರಡೂವರೆ ಗಂಟೆಯಾದರೂ ಇರುವ ಟಿಕೆಟ್ ಆರಿಸಿ. ಫ್ರಾಂಕ್‌ಫರ್ಟ್ ಮೂಲಕ ಹೋದರೆ ಈ ತಪಾಸಣೆ ಅಲ್ಲೇ ಆಗುತ್ತದೆ, ಲಿಸ್ಬನ್ನಿನಲ್ಲಿ ಅಲ್ಲ.

ಯೂರೋಪಿನಲ್ಲೇ ಇರುವ ಕನ್ನಡಿಗರಿಗೆ

ಜರ್ಮನಿ, ನೆದರ್‌ಲ್ಯಾಂಡ್ಸ್‌ನಂಥ ಷೆಂಗೆನ್ ದೇಶದ ವಾಸದ ಪರವಾನಗಿ ಇದ್ದರೆ ಪೋರ್ಚುಗಲ್‌ಗೆ ಬೇರೆ ವೀಸಾ ಬೇಡ. ಪಾಸ್‌ಪೋರ್ಟ್ ಮತ್ತು ಪರವಾನಗಿ ಕಾರ್ಡು ಎರಡೂ ಜೊತೆಗಿರಲಿ. ಬ್ರಿಟನ್, ಐರ್ಲೆಂಡಿನಲ್ಲಿದ್ದು ಭಾರತದ ಪಾಸ್‌ಪೋರ್ಟ್ ಇರುವವರಿಗೆ ವೀಸಾ ಬೇಕೇ ಬೇಕು.

ಅಗ್ಗದ ಏರ್‌ಲೈನುಗಳಲ್ಲಿ ಟಿಕೆಟ್ ಬೆಲೆಗಿಂತ ಬ್ಯಾಗಿನ ಬೆಲೆ ಜಾಸ್ತಿಯಾಗುವುದುಂಟು. ಪುಕ್ಕಟೆ ಒಯ್ಯಬಹುದಾದ ಚಿಕ್ಕ ಬ್ಯಾಗಿನ ಅಳತೆ ಒಂದೊಂದು ಕಂಪನಿಗೆ ಒಂದೊಂದು. ರಯಾನ್‌ಏರ್‌ನಲ್ಲಿ 40x30x20 ಸೆಂಟಿಮೀಟರ್, ಈಸಿಜೆಟ್‌ನಲ್ಲಿ 45x36x20. ಚಕ್ರ, ಹಿಡಿಕೆ ಸೇರಿಸಿ ಮನೆಯಲ್ಲೇ ಟೇಪ್ ಹಿಡಿದು ಅಳೆಯಿರಿ. ಆನ್‌ಲೈನ್ ಚೆಕ್-ಇನ್ ಮರೆತರೂ ಶುಲ್ಕ ಬೀಳಬಹುದು. ಯೂರೋಪ್ ಒಕ್ಕೂಟದ ಪಾಸ್‌ಪೋರ್ಟ್ ಇಲ್ಲದವರು ಗೇಟಿಗೆ ಹೋಗುವ ಮೊದಲು ಕೌಂಟರಿನಲ್ಲಿ ವೀಸಾ ತೋರಿಸಿ ಬರಬೇಕು ಎಂಬ ನಿಯಮ ಕೆಲವು ಕಂಪನಿಗಳಲ್ಲಿದೆ. ಬೋರ್ಡಿಂಗ್ ಪಾಸ್ ಕೈಗೆ ಬಂದಾಗ ಅದರ ಮೇಲಿನ ಸಣ್ಣ ಅಕ್ಷರಗಳನ್ನೂ ಓದಿ.